ಹನ್ನೊಂದು ನಿಮಿಷ ತಡ

ಸಾಸವಡದ ಶಾಲೆಯ ಮೈದಾನದಲ್ಲಿ ಬೆಳಗಿನ ಆರಕ್ಕೆ
ನಕ್ಷೆ ಕೊಟ್ಟರು. ದಾರಿ ಕೊಡಲಿಲ್ಲ.
ಕಾಗದದ ಮೇಲೆ ಮೂವತ್ತೆರಡು ಕೆಂಪು ಸೊನ್ನೆ,
ಒಂದೊಂದಕ್ಕೂ ಒಂದು ಬೆಲೆ: ಹತ್ತು, ಇಪ್ಪತ್ತು, ಐವತ್ತು.
ಯಾವುದಕ್ಕೆ ಮೊದಲು ಹೋಗುವುದು, ಯಾವುದನ್ನು ಬಿಡುವುದು,
ಎಲ್ಲಿ ಸೈಕಲ್ಲು ನಮ್ಮನ್ನು ಹೊರುವುದು,
ಎಲ್ಲಿ ನಾವು ಸೈಕಲ್ಲನ್ನು,
ಎಲ್ಲ ನಿಮಗೆ ಬಿಟ್ಟದ್ದು, ಎಂದ ಮೈಕಿನವನು.
ಆರು ತಾಸು. ತಡವಾದ ನಿಮಿಷಕ್ಕೆ ಐದು ಅಂಕ ಕಡಿತ.
ಮತ್ತೆ ಒಂದು ಕಾನೂನು:
ಜೋಡಿಯವರು ಒಬ್ಬರಿಗೊಬ್ಬರು ಕಾಣುವಷ್ಟು ದೂರದಲ್ಲೇ ಇರತಕ್ಕದ್ದು.

ಝೇಲಮ್ ಖಾಂಬೇಟೆಗೆ ಇಪ್ಪತ್ತಾರು.
ನನಗೆ ಐವತ್ತೊಂದು, ಭೋಸರಿಯಲ್ಲಿ ಲೇತಿನ ಕೆಲಸ.
ಅವಳ ಜೊತೆಗಾರ ಬುಧವಾರ ಕೈ ಮುರಿದುಕೊಂಡ,
ಹಾಗಾಗಿ ನಾನು, ಸ್ಪೇರ್ ಪಾರ್ಟು.

ಗುಡ್ಡದ ಗೆರೆ ಓದಲು ಯಾರೂ ನನಗೆ ಕಲಿಸಬೇಕಿರಲಿಲ್ಲ.
ಟೂಲಿನ ಮೊನೆ ಉಕ್ಕಿನ ಮುಖದ ಮೇಲೆ
ಬಿಟ್ಟುಹೋಗುವ ಸುತ್ತುಗಳು ಇವೇ.
ಒತ್ತೊತ್ತಾಗಿದ್ದರೆ ಮೆಲ್ಲಗೆ ಹೋಗಬೇಕು,
ಅಲ್ಲೂ, ಇಲ್ಲೂ.

ಎಲ್ಲರೂ ಟಾರು ರಸ್ತೆಗೆ ನುಗ್ಗಿದರು. ನಾವು ಕರ್ಹಾ ದಂಡೆಗೆ,
ಅಂಜೂರದ ತೋಟಗಳ ನಡುವೆ, ಇಬ್ಬನಿಯಲ್ಲಿ.
ಬಾವಿಯ ಕಟ್ಟೆಯ ಮೇಲೊಂದು, ಜಾಲಿಯ ಕೆಳಗೊಂದು,
ಕೇಸರಿ ಬಿಳಿ ಬಾವುಟ, ದಾರಕ್ಕೆ ತೂಗುವ ಪಂಚು,
ಕಾರ್ಡಿಗೆ ತೂತು, ಮುಂದೆ. ಸಲೀಸು.

ಒಂಬತ್ತಕ್ಕೆ ಜಗಳ.
ಹಳ್ಳದಗುಂಟ ಮೂರು ಹತ್ತುಗಳಿದ್ದವು, ಹಣ್ಣಿನ ಹಾಗೆ, ಕೈಗೆಟುಕುವಂತೆ.
ಕಾನಿಫನಾಥದ ನೆತ್ತಿಯ ಮೇಲೆ ಐವತ್ತು.
ನಾನು ಸಾಲ ತೀರಿಸಿದವನು, ನನಗೆ ಮೂವತ್ತು ಸಾಕು.
"ಕಾಕಾ," ಅಂದಳು, ಅಷ್ಟೇ ಅಂದಳು,
ಹ್ಯಾಂಡಲ್ ಆಗಲೇ ಗುಡ್ಡದ ಕಡೆ ತಿರುಗಿತ್ತು.

ಆಮೇಲಿನದು ನೂಕಿದ್ದು. ಪೆಡಲ್ಲು ಮೊಣಕಾಲಿಗೆ ಬಡಿಯುತ್ತ,
ಉಸಿರು ಗಂಟಲಲ್ಲಿ ಗರಗಸ ಎಳೆಯುತ್ತ.
ಪ್ರತಿ ತಿರುವಿನಲ್ಲೂ ಅವಳು ನಿಂತಿರುತ್ತಿದ್ದಳು,
ಚೈನು ಮುಟ್ಟುತ್ತ, ಶೂಸಿನ ಲಾಡಿ ಬಿಗಿಯುತ್ತ.
ಕಟ್ಟಿದ ಲಾಡಿಯನ್ನೇ ಐದು ಸಲ ಕಟ್ಟಿದ್ದು
ನನಗೆ ತಿಳಿಯಲಿಲ್ಲ ಎಂದುಕೊಂಡಿರಬೇಕು.

ಐವತ್ತು ಸಿಕ್ಕಿತು. ಗಾಳಿಯೂ ಸಿಕ್ಕಿತು.
ಇಳಿಯುವ ದಾರಿ ಮಾತ್ರ ನಕ್ಷೆಯಲ್ಲೇ ಉಳಿಯಿತು:
ನೆಲದ ಮೇಲೆ ಅಡ್ಡಲಾಗಿ ಸಿಮೆಂಟಿನ ಗೋಡೆ, ಬೀಗ ಹಾಕಿದ ಗೇಟು,
ಒಳಗೆ ನಂಬರು ಬರೆದ ಕಲ್ಲುಗಳು, ಒಂದರಿಂದ ನೂರಾ ನಲವತ್ತರವರೆಗೆ,
ಇನ್ನೂ ಹುಟ್ಟದ ಮನೆಗಳು.

ನಾನು ಸೈಕಲ್ಲಿಗೆ ಏನೋ ಅಂದೆ, ಕನ್ನಡದಲ್ಲಿ,
ಬೈದೆ, ನಿಜ ಹೇಳಬೇಕೆಂದರೆ.
ಗೋಡೆಯಾಚೆಯಿಂದ ಒಂದು ದನಿ:
"ಅದಕ್ಯಾಕ ಬೈತೀರ್ರೀ? ಅದೇನ್ ಮಾಡೇತಿ ನಿಮಗ?"

ಚಡಚಣದ ಸಿದ್ರಾಯ. ಕಾವಲಿಗೆ ಬಂದು ಏಳು ತಿಂಗಳು.
ಬೀಗದಕೈ ಹುಡುಕುತ್ತ ಹುಡುಕುತ್ತ
ಮೆಣಸಿನಕಾಯಿಯ ದರ ಕೇಳಿದ, ಭೀಮಾ ನದಿಗೆ ನೀರು ಬಂತೇನು ಕೇಳಿದ,
ನನಗೆ ಯಾವುದೂ ಗೊತ್ತಿರಲಿಲ್ಲ, ಎಲ್ಲಕ್ಕೂ ಉತ್ತರ ಕೊಟ್ಟೆ.
ಬೀಗದಕೈ ಮೊದಲಿನಿಂದಲೂ ಅವನ ಉಡಿದಾರದಲ್ಲೇ ಇತ್ತು,
ಅದನ್ನು ಮೂವರೂ ಕಂಡಿದ್ದೆವು.

ನಾನು ಗಡಿಯಾರ ನೋಡಿದೆ. ಝೇಲಮ್ ನೋಡಲಿಲ್ಲ.
ಅರವತ್ಮೂರನೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತು
ಕೊನೆಯ ಚಿಕ್ಕಿ ಮುರಿದಳು, ಶೂಸಿನ ಲಾಡಿ ಬಿಚ್ಚಿದಳು.
"ಬೋಲಾ ಕಾಕಾ," ಅಂದಳು. "ಬೋಲಾ ತುಮ್ಹೀ."

ಹನ್ನೊಂದು ನಿಮಿಷ ತಡ. ಐವತ್ತೈದು ಅಂಕ ಕಡಿತ.
ಬೆಟ್ಟ ಹತ್ತಿ ತಂದ ಐವತ್ತು ಹೋಯಿತು, ಮೇಲೆ ಐದು.
ಕೊನೆಯಿಂದ ನಾಲ್ಕನೆಯವರು ನಾವು,
ಹಲಗೆಯ ಮೇಲೆ ನನ್ನ ಹೆಸರು ಬೇರೆ ತಪ್ಪು.

ಮಾವಿನ ನೆರಳಲ್ಲಿ ನಕ್ಷೆ ಹರಡಿಕೊಂಡು ಲೆಕ್ಕ ಹಾಕಿದೆವು,
ಹಳ್ಳದ ಮೂವತ್ತನ್ನು ಇನ್ನೊಮ್ಮೆ ಎತ್ತಿದೆ, ಅವಳು ಕೇಳಿಸಿಕೊಳ್ಳಲಿಲ್ಲ.
ಚೈನಿನ ಎಣ್ಣೆ ಮೆತ್ತಿದ ಬೆರಳಿನಿಂದ
ಗೇಟು ಇದ್ದ ಜಾಗದಲ್ಲಿ ಒಂದು ಸೊನ್ನೆ ಬರೆದಳು,
ಕಪ್ಪು, ಸ್ವಲ್ಪ ಸೊಟ್ಟ.
ಪಕ್ಕದಲ್ಲಿ ಬೆಲೆ ಬರೆಯುವಷ್ಟರಲ್ಲಿ
ಊಟಕ್ಕೆ ಕರೆದರು: ಪಿಠಲ, ಭಾಕರಿ,
ಸಾಲು ಆಗಲೇ ಗೇಟಿನವರೆಗೆ.