ಇಸ್ತ್ರಿ ಮಾತ್ರ

ಮೂಗು ಇರುವ ತನಕ ನೆಗಡಿ ತಪ್ಪಿದ್ದಲ್ಲ, ಎನ್ನುತ್ತಿದ್ದಳು ಅಜ್ಜಿ.
ನನಗೆ ನೆಗಡಿ ಹತ್ತೇ ದಿನಕ್ಕೆ ಬಿಟ್ಟಿತು,
ಹೋಗುವಾಗ ಮೂಗನ್ನೂ ಒಯ್ದಿತು.
ಕನ್ನಡಿಯಲ್ಲಿ ನೋಡಿದರೆ ಇದೆ. ಕನ್ನಡಕ ಕೂರಿಸಲು ಸಾಕು.

ಮತ್ರಾದ ಮೀನು ಮಾರುಕಟ್ಟೆಯ ಹಿಂದೆ, ಮೂರನೇ ಗಲ್ಲಿ,
ಹಸಿರು ಬೋರ್ಡಿನ ಲಾಂಡ್ರಿ. ಹದಿನಾರು ವರ್ಷ
ಗಂಟು ಬಿಚ್ಚುವ ಮೊದಲೇ ಹೇಳುತ್ತಿದ್ದೆ:
ಇದು ದೋಣಿಯ ಹಮೂದನದು, ಅಂಜಲ್ ಮೀನು, ಡೀಸೆಲ್ಲು;
ಇದು ಬ್ಯಾಂಕಿನ ಗುಮಾಸ್ತನದು, ಎಸಿಯ ತಣ್ಣನೆ ಧೂಳು;
ಇದು ಆ ಹೊಸ ಮದುವಣಿಗನ ದಿಶ್ದಾಶಾ,
ಕೊರಳ ಗೊಂಡೆಯನ್ನು ಅತ್ತರಿನಲ್ಲಿ ಅದ್ದಿಯೇ ಬಿಟ್ಟಿದ್ದಾನೆ ಪುಣ್ಯಾತ್ಮ.
ಚೀಟಿ ಅಂಟಿಸುವುದು ಶಫೀಕುಲನ ಕೆಲಸ.
ನನಗೆ ಚೀಟಿ ಬೇಕಿರಲಿಲ್ಲ.

ಈಗ ಅವನೇ ನನ್ನ ಮೂಗು.
ಚಿತ್ತಗಾಂಗಿನ ಹುಡುಗ, ಸಂಬಳ ನನಗಿಂತ ಕಡಿಮೆ.
ಬೆಳಿಗ್ಗೆ ಹಾಲಿನ ಪೊಟ್ಟಣ ಅವನ ಮುಖಕ್ಕೆ ಹಿಡಿಯುತ್ತೇನೆ,
ಶುಕ್ರವಾರ ನನ್ನದೇ ಅಂಗಿಯ ಕಂಕುಳನ್ನು.
ಹುಬ್ಬು ಗಂಟಿಕ್ಕಿ ತೀರ್ಪು ಕೊಡುತ್ತಾನೆ: ಅಚ್ಛಾ. ಖರಾಬ್.
ಎರಡೇ ಪದ. ನನ್ನ ಬಳಿ ಎಷ್ಟಿದ್ದವು!
ಕಮಟು, ಮುಗ್ಗಲು, ಸೊಗಡು, ಸೀದದ್ದು, ಹಳಸಿದ್ದು,
ಬಿಸಿಲಿಗೆ ಒಣಗಿದ ಹತ್ತಿಯ ಆ ಹೆಸರಿಲ್ಲದ್ದು.
ಪದಗಳೇನೋ ಹಾಗೇ ಇವೆ, ತಂತಿಯ ಮೇಲಿನ ಖಾಲಿ ಹ್ಯಾಂಗರು.

ಅನ್ನ ಬಿಸಿ. ಉಪ್ಪಿನಕಾಯಿ ಚುಚ್ಚುತ್ತದೆ. ಇಷ್ಟೇ ಊಟ.
ಒಣಸೀಗಡಿ ಚಟ್ನಿ ಹೇಗಿತ್ತು, ಫೋನಿನಲ್ಲಿ ಹೆಂಡತಿ.
ಶಫೀಕುಲ ಎರಡು ಸಲ ಬಡಿಸಿಕೊಂಡ ಮಾರಾಯ್ತಿ, ಎಂದೆ.
ಸುಳ್ಳೇನಲ್ಲ.

ಹಿಂದಿನ ಜನ್ಮದ ವಾಸನೆ ಬಿಡುವುದಿಲ್ಲವಂತೆ ಮನುಷ್ಯನನ್ನು.
ನನಗೆ ಈ ಜನ್ಮದ್ದೇ ಬಿಟ್ಟಿತಲ್ಲ.
ಕೆಲವು ರಾತ್ರಿ ಮಾತ್ರ, ಎಲ್ಲಿಂದಲೋ, ಬಟ್ಟೆ ಸುಟ್ಟ ಸೀಕಲು:
ಎದ್ದು ಓಡುತ್ತೇನೆ.
ಇಸ್ತ್ರಿಪೆಟ್ಟಿಗೆ ತಣ್ಣಗೆ ಮಲಗಿರುತ್ತದೆ.

ರಂಜಾನಿಗೆ ವಾರವಿತ್ತು. ನೀಲಿ ಬಾಗಿಲ ಮನೆಯಿಂದ
ಕೆಲಸದ ಹುಡುಗಿ ಗಂಟು ತಂದಿಟ್ಟು ಹೋದಳು.
ಹಾಸಿಗೆಯ ಚಾದರ, ಮಕ್ಕಳ ಸಮವಸ್ತ್ರ,
ನಡುವೆ ಒಂದು ಬೂದು ಬಣ್ಣದ ದಿಶ್ದಾಶಾ.
ಕೊರಳಪಟ್ಟಿ ಕಂದಿತ್ತು. ಹೆಚ್ಚಿಗೆ ಸೋಪು ಹಾಕಿ ಉಜ್ಜಿದೆ.

ಮರುದಿನ ಮುದುಕಿ ತಾನೇ ಬಂದಳು.
ಬೇರೇನನ್ನೂ ಮುಟ್ಟದೆ ಅದೊಂದನ್ನು ಎತ್ತಿಕೊಂಡು
ಮೂಗಿಗೆ ಒತ್ತಿದಳು. ಕೊರಳಲ್ಲಿ. ಕಂಕುಳಲ್ಲಿ.
ಗೊಂಡೆಯನ್ನು ಮುಷ್ಟಿಯಲ್ಲಿ ಹಿಡಿದು ಇನ್ನೊಮ್ಮೆ.
ನಮ್ಮ ಸೋಪು ಒಳ್ಳೆಯದು. ಏನನ್ನೂ ಉಳಿಸುವುದಿಲ್ಲ.

ಮೊದಲಾಗಿದ್ದರೆ ಗಂಟಿನಲ್ಲೇ ತಿಳಿಯುತ್ತಿತ್ತು:
ತಿಂಗಳುಗಟ್ಟಲೆ ಮುಚ್ಚಿಟ್ಟ ಪೆಟ್ಟಿಗೆ, ಹಳೆಯ ಅತ್ತರು,
ಅದರಡಿಯಲ್ಲಿ ಒಬ್ಬನೇ ಒಬ್ಬನ ಕುತ್ತಿಗೆ.
ಬದಿಗಿಟ್ಟು ಹುಡುಗನನ್ನು ಕೇಳಲು ಅಟ್ಟುತ್ತಿದ್ದೆ.

ಅಮ್ಮಾ, ನನಗೆ ಮೂಗಿಲ್ಲ, ಎಂದೆ, ಹರಕು ಅರಬ್ಬಿಯಲ್ಲಿ.
ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.
ನನ್ನ ಮೂಗನ್ನೇ ನೋಡಿದಳು, ಸುಳ್ಳುಗಾರನನ್ನು ನೋಡುವಂತೆ.
ಬೇಡವೆಂದರೂ ಇನ್ನೂರು ಬೈಸಾ ಎಣಿಸಿಟ್ಟು
ಬಟ್ಟೆಯನ್ನು ಮಡಿಕೆ ಮುರಿಯದಂತೆ ಒಯ್ದಳು.

ಅಂದಿನಿಂದ ಪ್ರತಿಯೊಂದಕ್ಕೂ ಕೇಳುತ್ತೇನೆ:
ತೊಳೆಯುವುದೋ, ಇಸ್ತ್ರಿ ಮಾತ್ರವೋ?
ಸಾಲು ಬೆಳೆಯುತ್ತದೆ. ಸಾಹುಕಾರ ಗೊಣಗುತ್ತಾನೆ.
ಮೂಸಿ ನೋಡೋ ಶನ್ಯಾರ್, ಗೊತ್ತಾಗಲ್ವಾ, ಎಂದು
ನಗುತ್ತ ಲುಂಗಿ ಎಸೆಯುತ್ತಾನೆ ಹಮೂದ್.
ಹಿಡಿದು ಮೂಸುತ್ತೇನೆ.
ಒದ್ದೆ. ಭಾರ.
ಬೆರಳಿಗೆ ಉಪ್ಪು ಹತ್ತುತ್ತದೆ.