ಪೆನ್ಸಿಲ್ ಮೊತ್ತ

ಜನವರಿ ಮೂರನೇ ವಾರ. ಪಾಲಿಬೆಟ್ಟದ ತೋಟದ ಆಫೀಸು.
ಗಿಡದಿಂದ ಇಳಿದ ಹಣ್ಣಿಗೆ ಒಂದು ಕಾಲಂ,
ಇನ್ನೂ ಗಿಡದಲ್ಲೇ ಇರುವ ಹಣ್ಣಿಗೆ ಇನ್ನೊಂದು.
ಕೆಳಗೆ ಎರಡಕ್ಕೂ ಸೇರಿ ಒಂದೇ ಮೊತ್ತ.

ಸೂತ್ರ ನಾನೇ ಬರೆದದ್ದು:
ತೂಕ ಬಂದಿದ್ದರೆ ತೂಕ ತಗೋ,
ಬಂದಿಲ್ಲದಿದ್ದರೆ ಅಂದಾಜು ತಗೋ.
ಅಂಗಡಿಗೆ ಕಳಿಸುವ ಮಗುವಿಗೆ ಹೇಳಿದ ಹಾಗೆ.

ಏಳನೇ ಬ್ಲಾಕಿಗೆ ಆನೆ ಬಂದವು,
ಮರಿಯೂ ಸೇರಿ ಐದು.
ವಾರವಿಡೀ ಅಲ್ಲೇ ಬಿಡಾರ.
ಶನಿವಾರ ಸಂಜೆ ಅಬ್ಬಾಸ್ ಮೇಸ್ತ್ರಿ
ತಕ್ಕಡಿ ಚೀಟಿ ಮೇಜಿಗಿಟ್ಟ:
"ಏಳಕ್ಕೆ ಸೊನ್ನೆ. ಬರ್ಕೊಳ್ಳಿ ರೈಟ್ರಮ್ಮ."
ಬರೆದೆ.

ಮೊತ್ತ ಕದಲಲಿಲ್ಲ.

ಸೊನ್ನೆಯನ್ನು ಕಂಡು ಸೂತ್ರ
ಏನೂ ಬಂದಿಲ್ಲ ಎಂದುಕೊಂಡಿತ್ತು.
ನವೆಂಬರಿನಲ್ಲಿ ಕಣ್ಣಳತೆಯಲ್ಲಿ ಹಾಕಿದ
ಸಾವಿರದ ಎಂಟುನೂರ ನಲವತ್ತು ಕಿಲೋ
ಆನೆಗಳ ಕಾಲಸಂದಿನಿಂದ, ಯಾರೂ ಕೊಯ್ಯದೆ,
ತಾನೇ ಚೀಲ ತುಂಬಿ ಲಾರಿ ಹತ್ತಿತು.
ಬಿದ್ದಪ್ಪ ಸಾವ್ಕಾರರು ಕುಶಾಲನಗರದ ವ್ಯಾಪಾರಿಗೆ
ಫೋನಿನಲ್ಲಿ ಮಾತು ಕೊಟ್ಟೂಬಿಟ್ಟರು.

ಖಾಲಿ ಬೇರೆ, ಸೊನ್ನೆ ಬೇರೆ.
ಖಾಲಿ ಅಂದರೆ ಯಾರೂ ಇನ್ನೂ ಹೋಗಿ ನೋಡಿಲ್ಲ.
ಸೊನ್ನೆಗೆ ಸಾಕ್ಷಿ ಇದೆ:
ಮೇಸ್ತ್ರಿ ಹೋಗಿ, ನೋಡಿ, ಓಡಿ ಬಂದಿದ್ದಾನೆ,
ಎಡಗಾಲಿನ ಚಪ್ಪಲಿ ಈಗಲೂ ಅಲ್ಲೇ ಇದೆ.

ಈ ಕುರ್ಚಿಯಲ್ಲಿ ಮೊದಲು ಪೈಲಿ ರೈಟರ್ ಇದ್ದರು.
ಅವರ ಉದ್ದನೆಯ ಪುಸ್ತಕ ಬೀರುವಿನ ತಳದಲ್ಲಿ,
ಅಂಚೆಲ್ಲ ಗೆದ್ದಲಿನ ಪಾಲು.
ಬಂದದ್ದು ಶಾಯಿಯಲ್ಲಿ, ಬರಬೇಕಾದದ್ದು ಪೆನ್ಸಿಲಿನಲ್ಲಿ.
ಮೊತ್ತ?
ಹನ್ನೊಂದು ಬ್ಲಾಕಿನಲ್ಲಿ ಒಂದು ಪೆನ್ಸಿಲಾಗಿ ಉಳಿದರೂ
ಮೊತ್ತ ಪೆನ್ಸಿಲಿನಲ್ಲೇ.
ಮಾರ್ಚ್ ಕೊನೆಗೆ, ಎಲ್ಲವೂ ತೂಕಕ್ಕೆ ಬಿದ್ದ ಮೇಲೆ,
ಅದರ ಮೇಲೆ ಶಾಯಿ ಎಳೆಯುತ್ತಿದ್ದರು.
ಎರಡು ವರ್ಷ ಎಳೆದೇ ಇಲ್ಲ.
ಯಾಕೆಂದು ಕೇಳಲು ಈಗ ಅವರಿಲ್ಲ.

ಸೂತ್ರ ತಿದ್ದಿದೆ. ಅಂಕಿ ಸರ್ರನೆ ಇಳಿಯಿತು,
ಏಣಿ ಜಾರಿದ ಹಾಗೆ.
ಇಳಿದದ್ದಕ್ಕೂ ಕಪ್ಪು ಹಾಕಲು ಮನಸ್ಸಾಗಲಿಲ್ಲ.
ಬೂದು ಬಣ್ಣ ಕೊಟ್ಟು ಹಾಳೆ ತೆಗೆದೆ.

ಸಾವ್ಕಾರರು ಕನ್ನಡಕ ಏರಿಸಿ ನೋಡಿದರು:
"ಇದೇನು, ಕೊನೆ ಸಾಲು ಇಷ್ಟು ಮಂಕು?
ಪ್ರಿಂಟರಿನಲ್ಲಿ ಮಸಿ ಮುಗೀತಾ?"

"ಮಸಿ ಇದೆ ಸರ್.
ಇನ್ನೂ ನಾಲ್ಕು ಬ್ಲಾಕು ಕೊಯ್ಲಿದೆ."