ಹಾಕದ ಹಸಿರು

ಗಾದಿಲಿಂಗಪ್ಪ ಮೊಬೈಲು ಚಾಚಿದರು:
"ನೋಡಮ್ಮ, ಈ ನವಿಲು. ಪ್ಯಾಂಟಿನ ಟ್ಯಾಗಿಗೆ.
ಐದು ಸಾವಿರ ಬೇಕು, ಸೋಮವಾರಕ್ಕೆ.
ಬಣ್ಣ ಎರಡೇ ಹಾಕು, ರೊಕ್ಕ ಅಷ್ಟೇ ಐತೆ."

ಹಿಗ್ಗಿಸಿ ಹಿಗ್ಗಿಸಿ ನೋಡಿದೆ.
ಗರಿಯ ಒಂದೇ ಕಣ್ಣಿನೊಳಗೆ
ಹನ್ನೊಂದು ಬಣ್ಣ ಎಣಿಸಿ ಬಿಟ್ಟುಬಿಟ್ಟೆ.
ತಾಮ್ರದೊಳಗೆ ಹಸಿರು, ಹಸಿರಿನಂಚಿಗೆ ಬಂಗಾರ,
ನಡುವೆ ನೇರಳೆ ಹಣ್ಣು ತಿಂದ ನಾಲಿಗೆ.

"ಯಾವ ಎರಡು?"
"ನೀಲಿ. ಪ್ಯಾಂಟು ನೀಲಿ ಅಲ್ಲೇನು?
ಇನ್ನೊಂದು ಕೆಂಪು. ಕೆಂಪು ಇಲ್ದಿದ್ರೆ
ಗಿರಾಕಿ ತಿರುಗಿ ನೋಡಲ್ಲ."
ನೀಲಿಗೆ ಹಳದಿ ಕೊಡಿ, ಹಸಿರು ಪುಕ್ಕಟೆ ಹುಟ್ಟುತ್ತೆ
ಅನ್ನುವಷ್ಟರಲ್ಲಿ ಅವರ ಬೈಕು ಓಣಿ ದಾಟಿತ್ತು.

ಕೌಲ್ ಬಜಾರಿನಲ್ಲಿ ರಾತ್ರಿ ಎಂದರೆ
ಗೋಡೆಯಾಚೆ ಹೊಲಿಯುವ ಸದ್ದು.
ಮೊದಲು ಹಳದಿ ತೆಗೆದೆ. ತೆಗೆಯುವುದು ಸುಲಭ, ಒಂದು ಗುಂಡಿ.
ಬಂಗಾರ ಹೋಯಿತು.
ಹಸಿರೂ ಹಿಂದೆಯೇ ಹೊರಟಿತು,
ಗಂಡ ಎದ್ದನೆಂದು ಎಲೆ ಬಿಟ್ಟೆದ್ದ ಹೆಂಡತಿಯ ಹಾಗೆ.
ಉಳಿದದ್ದು ನವಿಲಲ್ಲ, ನೆನೆದ ಕೋಳಿ.

ಹಾಗಲ್ಲ. ತೆಗೆಯುವುದಲ್ಲ ಕೆಲಸ, ಹಂಚುವುದು.
ಒಂದೊಂದು ಗರಿಯನ್ನೂ ಕೇಳಬೇಕು: ನೀನು ಯಾರ ಕಡೆ?
ಹಸಿರಿದ್ದಲ್ಲಿ ನೂರಕ್ಕೆ ಎಪ್ಪತ್ತು ನೀಲಿ,
ತಾಮ್ರಕ್ಕೆ ನಲವತ್ತು ಕೆಂಪು,
ಕೊರಳ ಮಡಿಕೆಯಲ್ಲಿ ಒಂದರ ಮೇಲೊಂದು ಎರಡೂ,
ಅಲ್ಲಿ ಕತ್ತಲಾಗಲಿ.
ಚುಕ್ಕಿಯ ಸಾಲು ಎರಡೂ ಒಂದೇ ಓರೆಗೆ ನಿಂತರೆ
ಜಗಳಕ್ಕೆ ಬಿದ್ದು ಜಾಲರಿ ಜಾಲರಿ ಕಲೆ;
ಕೆಂಪನ್ನು ಸ್ವಲ್ಪ ವಾಲಿಸಿ ನಿಲ್ಲಿಸಿದೆ.
ಕಣ್ಣ ಕೆಳಗಿನ ಬಿಳಿ ಪಟ್ಟಿಗೆ ಏನನ್ನೂ ಕೊಡಲಿಲ್ಲ.
ಅಗ್ಗದ, ಹಳದಿಗೆ ತಿರುಗಿದ ರಟ್ಟು ಅದು.
ಅದೇ ಮೂರನೇ ಬಣ್ಣ.
ಅದಕ್ಕೆ ಯಾರೂ ಬಿಲ್ಲು ಹಾಕಿಲ್ಲ.

ಫಿಲ್ಮು ಎರಡು ಬಂದವು. ಎರಡೂ ಕಪ್ಪು.
ನೀಲಿಯೂ ಕಪ್ಪಾಗಿಯೇ ಬರುತ್ತದೆ, ಕೆಂಪೂ.
ಮೂಲೆಯಲ್ಲಿ ನಾನು ಬರೆದ ಹೆಸರಷ್ಟೇ
ಸದ್ಯಕ್ಕೆ ಅವುಗಳ ಬಣ್ಣ.
ಅದಲು ಬದಲು ಬರೆದಿದ್ದರೆ?
ವನ್ನೂರಪ್ಪ ಕೇಳುವವನಲ್ಲ, ಹೊಡೆದುಬಿಡುತ್ತಾನೆ.
ಎದ್ದು ಹೋಗಿ ಮತ್ತೊಮ್ಮೆ ನೋಡಿ ಬಂದೆ.

ಇರುವುದು ಒಂದು ಮಿಶನ್ನು, ಒಂದು ಸಲಕ್ಕೆ ಒಂದು ಮಸಿ.
ಶನಿವಾರ ಕೆಂಪು. ರೋಲರಿಗೆ ಸೀಮೆಎಣ್ಣೆ ಸ್ನಾನ.
ಒಣಗಲು ಬಿಟ್ಟ ರಾಶಿಯಲ್ಲಿ
ಐದು ಸಾವಿರ ಅರೆ ನವಿಲು.
ಸಂಡೂರು ದಾರಿಯ ಬೇವಿನ ಮರಗಳೂ ಹೀಗೇ,
ಅದಿರಿನ ಲಾರಿ ಹೋದ ಮೇಲೆ
ಒಂದೇ ಮಸಿಯಲ್ಲಿ ಅಚ್ಚಾಗಿ ನಿಂತಿರುತ್ತವೆ.
ಒಳಗೆ ಹಸಿರಿದೆ ಅನ್ನುವುದು
ಮೊದಲ ಮಳೆಯವರೆಗೆ ಬರೀ ಮಾತು.

ಭಾನುವಾರ ನೀಲಿ.
ಮೊದಲ ನಲವತ್ತು ಹಾಳೆ ಕೂದಲೆಳೆ ಜರುಗಿ
ನವಿಲಿಗೆ ಎರಡೆರಡು ಕೊರಳು.
ವನ್ನೂರಪ್ಪ ಬೂದುಗಾಜು ಕಣ್ಣಿಗೊತ್ತಿ
ತಿರುಪು ತಿರುಗಿಸಿದ, ಬೈದ, ಮತ್ತೆ ತಿರುಗಿಸಿದ.
"ಕೂತ್ಕಂತು," ಅಂದ.
ಕೂತಿತ್ತು.

ಗಾದಿಲಿಂಗಪ್ಪ ಟ್ಯಾಗನ್ನು ಬಾಗಿಲ ಬೆಳಕಿಗೆ ಹಿಡಿದರು.
ತೋಳುದ್ದ ದೂರಕ್ಕೆ, ಆಮೇಲೆ ಮೂಗಿನ ಹತ್ತಿರಕ್ಕೆ.
"ಹಸಿರು ಎಷ್ಟು ಚೆಂದ ಬಂದೈತೆ!"
ನಾನು ವನ್ನೂರಪ್ಪನನ್ನು ನೋಡಿದೆ,
ಅವನು ಮಿಶನ್ನು ಒರೆಸುತ್ತಿದ್ದ.
"ಆದ್ರೆ ಮೂರನೇ ಬಣ್ಣಕ್ಕೆ ರೊಕ್ಕ ಕೇಳಂಗಿಲ್ಲ, ಮೊದ್ಲೇ ಹೇಳೀನಿ."
ಹೂಂ ಅಂದೆ.

ಕೆಟ್ಟ ನಲವತ್ತು ಹಾಳೆ ಬುತ್ತಿ ಸುತ್ತಲು ಇಟ್ಟುಕೊಂಡಿದ್ದೇನೆ.
ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗಲೆಲ್ಲ
ಎರಡು ಕೊರಳಿನ ನವಿಲು,
ಒಂದು ಕೆಂಪು, ಒಂದು ನೀಲಿ,
ಒಂದನ್ನೊಂದು ಇನ್ನೂ ಮುಟ್ಟಿಲ್ಲ.
ನಡುವೆ ಕೂದಲೆಳೆಯಷ್ಟು ರಟ್ಟು.